ಮೂವತ್ನಾಲ್ಕನೇ ತೊಟ್ಟಿಯ ಹಲಗೆ ಕಳುವಾಗಿಲ್ಲ

ಹೆಸರು: ಎಲ್ಲರೂ ಕರೆಯುವಂತೆ ಸ್ಪ್ಯಾನರ್ ಮಾವ. ವಯಸ್ಸು: 51. ಕೆಲಸ: ಬಯಲಿನ ವಿಶ್ವಕಿರಣ ಕೇಂದ್ರದಲ್ಲಿ ಫಿಟ್ಟರ್. ವಾಸ: ಕೇಂದ್ರದ ಕ್ವಾರ್ಟರ್ಸ್, ಎರಡನೇ ಸಾಲು, ಕೊನೆಯ ಮನೆ.

ಈ ಮೂಲಕ ತಿಳಿಸುವುದೇನೆಂದರೆ, ಇಂದು ಬೆಳಿಗ್ಗೆ 10.15ಕ್ಕೆ ನಾನು ಕೊಟ್ಟ ಕಳ್ಳತನದ ದೂರು ತಪ್ಪು. ಕಳ್ಳತನ ನಡೆದೇ ಇಲ್ಲ. ಆ ದೂರಿನ ಮೇಲೆ ಠಾಣೆಯಲ್ಲಿ ಕೂರಿಸಿಕೊಂಡಿರುವ ಕುರಿ ಕಾಯುವವನನ್ನು ಬಿಡಬೇಕು.

ನಮ್ಮ ಬಯಲಿನಲ್ಲಿ ಅರವತ್ತು ನೀರಿನ ತೊಟ್ಟಿಗಳಿವೆ. ಆಕಾಶದಿಂದ ಬರುವ ಕಿರಣ ಗಾಳಿಗೆ ಬಡಿದು ಕಣಗಳ ಮಳೆಯಾಗಿ ಸುರಿಯುತ್ತದೆ, ತೊಟ್ಟಿಗಳು ಅದನ್ನು ಎಣಿಸುತ್ತವೆ. ಎಣಿಕೆ ಇನ್ನೂ ಚೊಕ್ಕಟವಾಗಲೆಂದು ಈ ವರ್ಷ ಪ್ರತಿ ತೊಟ್ಟಿಯ ಮೇಲೂ ಒಂದು ಹೊಸ ಎಣಿಕೆ ಹಲಗೆ ಕೂರಿಸುತ್ತಿದ್ದೇವೆ. ಅದರ ಜೊತೆಗೆ ಸಂಖ್ಯೆಗಳನ್ನೂ ಬದಲಿಸಿದರು. ನಕ್ಷೆಯಲ್ಲಿ ಹೊಸ ಸಂಖ್ಯೆ, ತೊಟ್ಟಿಯ ಮೈಮೇಲೆ ಬಣ್ಣದಲ್ಲಿ ಬರೆದ ಹಳೆಯ ಸಂಖ್ಯೆ. ನಾನು ಹತ್ತೊಂಬತ್ತು ವರ್ಷದಿಂದ ಬಣ್ಣ ನೋಡಿಯೇ ಹೋಗುವವನು. ನಕ್ಷೆ ಬಿಚ್ಚಿ ನೋಡಿದರೆ ಮರ್ಯಾದೆಗೆ ಕಡಿಮೆ ಎಂಬ ಜಂಭ ಬೇರೆ.

ನಿನ್ನೆ ಮಧ್ಯಾಹ್ನ 3ಕ್ಕೆ 34ನೇ ತೊಟ್ಟಿಗೆ ಹಲಗೆ ಕೂರಿಸಿ ಬಂದೆ. ಇಂದು 9.30ಕ್ಕೆ ನಕ್ಷೆ ಹಿಡಿದು ತಪಾಸಣೆಗೆ ಹೋದ ನಮ್ಮ ಡ್ರೈವರ್ ಫೋನ್ ಮಾಡಿ, 34ರ ಮೇಲೆ ಹಲಗೆ ಇಲ್ಲ, ತೊಟ್ಟಿಯ ನೆರಳಲ್ಲಿ ಕುರಿಯವನು ಕೂತಿದ್ದಾನೆ ಎಂದ. ನನಗೆ ಪಿತ್ತ ನೆತ್ತಿಗೇರಿತು. ಹೋಗಿ ನೋಡಲಿಲ್ಲ, ಯಾರನ್ನೂ ಕೇಳಲಿಲ್ಲ. ನೇರ ಠಾಣೆಗೆ ಬಂದು ಅವನ ಮೇಲೆ ದೂರು ಕೊಟ್ಟೆ.

ಮಧ್ಯಾಹ್ನ 2.35ಕ್ಕೆ ತೊಟ್ಟಿಗಳಿಂದ ಕಂಪ್ಯೂಟರಿಗೆ ಬರುವ ಎಣಿಕೆ ನೋಡುವ ಮೇಡಂ ಫೋನ್ ಮಾಡಿ, ಕಳುವಾದ ಹಲಗೆ ಕೆಲಸ ಮಾಡುತ್ತಲೇ ಇದೆಯಲ್ಲ ಎಂದರು. 1.12ಕ್ಕೆ ಸುರಿದ ಭಾರಿ ಕಣಮಳೆಯನ್ನು ಹನ್ನೊಂದು ತೊಟ್ಟಿಗಳ ಜೊತೆ ಅದೂ ಹಿಡಿದಿತ್ತು. ಅಷ್ಟು ಸ್ಪಷ್ಟ ದಾಖಲೆ ನಮಗೆ ಸಿಕ್ಕಿದ್ದು ಇದೇ ಮೊದಲಂತೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. 3.10ಕ್ಕೆ ಹೋಗಿ ನೋಡಿದೆ. ಹಲಗೆಯು ಡ್ರೈವರ್ ನೋಡಿದ ನಕ್ಷೆಯ 34ರಿಂದ ನಾಲ್ಕೂವರೆ ಕಿಲೋಮೀಟರ್ ಆಚೆ, ಹಳೆಯ ಬಣ್ಣದ 34ರ ಮೇಲೆ, ನಾನೇ ಬಿಗಿದ ಬೋಲ್ಟುಗಳಲ್ಲಿ ಭದ್ರವಾಗಿತ್ತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು.

4.20ಕ್ಕೆ ಠಾಣೆಗೆ ಬಂದು ಕುರಿಯವನ ಕ್ಷಮೆ ಕೇಳಿದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅವನು ಬೈಯಲಿಲ್ಲ. ಕುರಿಗಳನ್ನು ಹೆಂಡತಿ ಹೊಡೆದುಕೊಂಡು ಹೋಗಿದ್ದಾಳೆ, ಒಂದೂ ತಪ್ಪಿಸಿಕೊಂಡಿಲ್ಲ ಎಂದ. ಆಮೇಲೆ ಹೇಳಿದ್ದು ಇಷ್ಟು: "ನೀವು ಬಂದು ಹೇಳಿದ್ರಿ, ನನಗೆ ಸಾಕು ಮಾವ. ಆದ್ರೆ ಪೊಲೀಸ್ ಜೀಪು ನನ್ನ ಕೂರಿಸ್ಕೊಂಡು ನಮ್ಮ ಬೀದೀಲೇ ಬಂತು. ಮಗಳು ಬಾಗಿಲಲ್ಲಿ ನಿಂತಿದ್ಲು. ಅವಳಿಗೆ ಯಾರು ಹೇಳ್ತಾರೆ?"

ಆದ್ದರಿಂದ ಅವನನ್ನು ಅದೇ ಜೀಪಿನಲ್ಲಿ, ಮುಂದಿನ ಸೀಟಿನಲ್ಲಿ ಕೂರಿಸಿ, ಅದೇ ಬೀದಿಯಲ್ಲಿ ಮನೆಗೆ ಬಿಡಬೇಕೆಂದು ಕೇಳಿಕೊಂಡಿದ್ದೇನೆ. ಠಾಣೆಯ ಸಾಹೇಬರು ಒಪ್ಪಿದ್ದಾರೆ. ನಾನು ಹಿಂದೆ ಕೂರುತ್ತೇನೆ. ತಪ್ಪು ನನ್ನದೆಂದು ಅವನ ಬಾಗಿಲಲ್ಲಿ ನಿಂತು ಮಗಳಿಗೆ ನಾನೇ ಹೇಳುತ್ತೇನೆ.

ರೈಟರ್ ಬರೆದದ್ದನ್ನು ಓದಿಸಿ ಕೇಳಿದೆ. ಪ್ರತಿ ಮಾತೂ ನಿಜ, ನನ್ನದೇ. ಬೀದಿಯಲ್ಲಿ ಜನ ಇರುವಾಗಲೇ ಹೊರಡಬೇಕಾದ್ದರಿಂದ ಬೇಗ ಸಹಿ ಹಾಕುತ್ತಿದ್ದೇನೆ.

ಸ್ಥಳ: ಠಾಣೆ, ರೈಟರ್ ಕೊಠಡಿ
ದಿನಾಂಕ: 14ನೇ ತಾರೀಖು, ಸಂಜೆ 5.05
(ಸಹಿ)