ಬಂಪರಿಗೆ ನಾಲ್ಕು ತೂತು

ಕಾರಿನ ಬಿಡಿಭಾಗಗಳ ಅಂಗಡಿಯಲ್ಲಿ ನನ್ನ ಸರದಿಗೆ ಕಾಯುತ್ತಿದ್ದೆ. ನನಗಿಂತ ಮುಂದಿದ್ದ ಕಾರಿಗೆ ಹಿಂದೆ ಏನಾದರೂ ಅಡ್ಡ ಬಂದರೆ ಕೂಗುವ ಪಾರ್ಕಿಂಗ್ ಸೆನ್ಸರ್ ಕೂರಿಸಲು ಮೆಕ್ಯಾನಿಕ್ ಹಿಂದಿನ ಬಂಪರಿನ ಮೇಲೆ ನಾಲ್ಕು ಗುರುತು ಹಾಕಿ ಡ್ರಿಲ್ ಎತ್ತಿಕೊಂಡಿದ್ದ. ಪಕ್ಕದಲ್ಲಿ ವಯಸ್ಸಾದ ತಂದೆ, ಮಗಳು.

"ಅಪ್ಪಾ, ಇದು ಹಾಕಿಸಿದ್ರೂ ನನಗೆ ಧೈರ್ಯ ಇಲ್ಲ. ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಡ್ರೈವರ್ ಇಡೋಣ, ಒಬ್ಬನ್ನ ಕೇಳಿದ್ದೀನಿ."

"ಕುತ್ತಿಗೆ ತಿರುಗಲ್ಲ ಅಷ್ಟೇ, ತಲೆ ಓಡುತ್ತೆ ಕಣೇ."

"ಮೊನ್ನೆ ಗೇಟಿಗೆ ಗುದ್ದಿದಾಗ ಎಲ್ಲಿಗೆ ಓಡಿತ್ತು?"

"ಅದಕ್ಕೇ ತಾನೇ ಇಲ್ಲಿಗೆ ಬಂದಿರೋದು? ಮೆಕ್ಯಾನಿಕ್ ಅವರೇ, ಸ್ವಲ್ಪ ತಡೀರಿ. ಗುರುತು ತಗ್ಗಾಯ್ತು."

"ಅಳತೆ ಸರಿಯಾಗೇ ಇದೆ ಸಾರ್."

"ಖಾಲಿ ಕಾರಿಗೆ ಸರಿ. ಡಿಕ್ಕಿಯಲ್ಲಿ ವೀಲ್‌ಚೇರು, ಹಿಂದಿನ ಸೀಟಲ್ಲಿ ನಮ್ಮವಳು. ಕಾರು ಹಿಂದೆ ತಗ್ಗುತ್ತೆ, ಆಗ ಇದು ನೆಲ ಕಂಡ್ರೂ ಕೂಗುತ್ತೆ. ದಿನಾ ಸುಳ್ಳು ಕೂಗಿದ್ರೆ, ನಿಜ ಕೂಗಿದಾಗ ಯಾರು ಕೇಳ್ತಾರೆ?"

ಮೆಕ್ಯಾನಿಕ್ ಡ್ರಿಲ್ ಕೆಳಗಿಟ್ಟ. ವೀಲ್‌ಚೇರ್ ಡಿಕ್ಕಿಯಲ್ಲೇ ಇತ್ತು. ಮಗಳನ್ನು ಹಿಂದೆ ಕೂರಿಸಿ ಮತ್ತೆ ಅಳೆದ. ಗುರುತು ಎರಡು ಬೆರಳು ಮೇಲೇರಿತು.

ಕೆಲಸ ಮುಗಿದು ತಂದೆ ಸ್ಟೀರಿಂಗ್ ಮುಂದೆ ಕೂತ ಮೇಲೆ ಮಗಳು ಕಾರಿನ ಹಿಂದೆ ಹೋಗಿ ನಿಂತಳು.

"ಈಗ ಹಿಂದಕ್ಕೆ ಬನ್ನಿ ಅಪ್ಪಾ."

"ಆಚೆ ಹೋಗೇ! ಅಲ್ಲಿ ಆ ಡ್ರಮ್ ಇಡು."

"ಡ್ರಮ್ ಉಳೀತು ಅಂತ ಅಮ್ಮನ್ನ ನಿಮ್ಮ ಜೊತೆ ಕಳಿಸೋಕಾಗುತ್ತಾ? ಬನ್ನಿ."

ನಾನು ಕುರ್ಚಿಯಿಂದ ಎದ್ದುಬಿಟ್ಟಿದ್ದೆ. ಕಾರು ಮೆಲ್ಲಗೆ ಹಿಂದೆ ಸರಿಯಿತು. ಬಿಟ್ಟುಬಿಟ್ಟು ಕೇಳುತ್ತಿದ್ದ ಸೆನ್ಸರಿನ ಸದ್ದು ಒಂದೇ ಸಮನಾದ ಕೂಡಲೇ, ಅವಳಿಂದ ಮೊಳ ದೂರದಲ್ಲಿ ಕಾರು ನಿಂತಿತು. ಅವಳು ಒಂದು ಹೆಜ್ಜೆಯನ್ನೂ ಹಿಂದಿಟ್ಟಿರಲಿಲ್ಲ.

ಬಂದು ತಂದೆಯ ಪಕ್ಕ ಕೂತಳು.

"ಡ್ರೈವರಿಗೆ ಬೇಡ ಅಂತ ಫೋನ್ ಮಾಡ್ತೀನಿ. ನಡೀರಿ, ಆಸ್ಪತ್ರೆಯಲ್ಲಿ ಅಮ್ಮನ ವ್ಯಾಯಾಮ ಮುಗಿಯೋ ಹೊತ್ತಾಯ್ತು."

ಕಾರು ರಸ್ತೆಗಿಳಿಯಿತು.