ಉಪ್ಪು ಹಾಕಿದ್ನೋ ಇಲ್ವೋ

ಹಲೋ... ಹಲೋ, ಯಾರು ಮಾತಾಡ್ತಿರೋದು?... ಓ, ಭಾವ, ನೀವಾ? ನಾನು, ನಿಮ್ಮ ನಾದಿನಿ. ಅಕ್ಕನಿಗೆ ಫೋನ್ ಕೊಡಿ... ಬಟ್ಟೆ ಹರವ್ತಿದ್ದಾಳಾ? ಆಮೇಲೆ ಹರವ್ತಾಳೆ ಬಿಡಿ, ಬೇಗ ಕರೀರಿ.

...

ಹಾಂ, ಅಕ್ಕಾ. ಮೆಲ್ಲಗೆ ಮಾತಾಡ್ತೀನಿ, ಕಿವಿ ಕೊಟ್ಟು ಕೇಳು. ಅಡುಗೆಮನೆ ಬಾಗಿಲು ಹಾಕ್ಕೊಂಡಿದ್ದೀನಿ. ಹೊರಗೆ ನಮ್ಮ ಕ್ಯಾಂಟೀನ್ ಯಜಮಾನ್ರು ಕೂತಿದ್ದಾರೆ... ಹೂಂ, ನಮ್ಮ ಮನೇಲೇ. ನನ್ನ ಟೊಮೆಟೊ ಸಾರು ಕುಡಿದು ನೋಡೋಕೆ ಬಂದಿದ್ದಾರೆ.

...

ನಾನೇ ಕರೆದದ್ದು ಕಣೇ. ಎರಡು ದಿನದಿಂದ ಸಾರು ಬರೀ ಉಪ್ಪು ಅಂತ ಜನ ತಟ್ಟೆ ತಳ್ಳಿ ಎದ್ದು ಹೋದ್ರು. ಬೇರೆ ಅಡುಗೆಯವಳನ್ನ ನೋಡ್ತೀನಿ ಅಂದ್ರು ಯಜಮಾನ್ರು. ನನಗೆ ರೋಷ ಬಂತು. ನಿಮ್ಮ ಒಲೆ ಸರಿಯಿಲ್ಲ, ಮನೆಗೆ ಬನ್ನಿ, ಮಾಡಿ ತೋರಿಸ್ತೀನಿ ಅಂದುಬಿಟ್ಟೆ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಈ ಮನುಷ್ಯ ನಿಜವಾಗ್ಲೂ ಬರ್ತಾರೆ ಅಂತ ಯಾರಿಗೆ ಗೊತ್ತಿತ್ತು?

...

ನಗಬೇಡ. ಸಾರು ಮಾಡೋಕೆ ಬರುತ್ತೆ, ಹನ್ನೆರಡನೇ ವಯಸ್ಸಿಗೇ ನೀನು ಕಲಿಸಿದ್ದಲ್ವಾ. ಅದಲ್ಲ... ಅಕ್ಕಾ, ನನಗೆ ವಾಸನೆ ಗೊತ್ತಾಗ್ತಿಲ್ಲ. ರುಚಿನೂ ಇಲ್ಲ. ಆ ಜ್ವರ ಬಂದಿತ್ತಲ್ಲ, ಆಗಿನಿಂದ... ಹೂಂ, ಎರಡು ತಿಂಗಳು.

...

ಬೈಬೇಡ ಕಣೇ. ಯಾರ ಹತ್ರ ಹೇಳಲಿ? ಮೂಗು, ನಾಲಿಗೆ ಎರಡೂ ಸತ್ತಿರೋ ಅಡುಗೆಯವಳನ್ನ ಯಾರು ಇಟ್ಕೋತಾರೆ? ಇಪ್ಪತ್ತು ವರ್ಷದ ಕೆಲಸ. ಅದು ಬಿಟ್ರೆ ನನಗೆ ಬೇರೇನೂ ಬರಲ್ಲ. ಹೆದರಿಕೆ ಆಗ್ತಿದೆ ಅಕ್ಕಾ.

...

ಹೇಗೆ ಅಂದ್ರೆ, ಸೌಟಿನ ಅಳತೆ ಇಟ್ಕೊಂಡು ದಿನ ದೂಡ್ತಿದ್ದೆ. ಮೊನ್ನೆ ಕಲ್ಲುಪ್ಪು ಮುಗೀತು, ಪುಡಿ ಉಪ್ಪು ತಂದಿಟ್ರು. ನಾನು ಅದೇ ಸೌಟು ತುಂಬಾ ಹಾಕ್ದೆ... ಹಾಂ, ಅದೇ. ಪುಡಿ ಒತ್ತಾಗಿ ಕೂತ್ಕೊಳ್ಳುತ್ತೆ, ಜಾಸ್ತಿ ಬೀಳುತ್ತೆ. ನಾಲಿಗೆ ನೆಟ್ಟಗಿದ್ದಿದ್ರೆ ಒಂದು ತೊಟ್ಟಿಗೇ ತಿಳೀತಿತ್ತು.

...

ಈಗಾ? ಟೊಮೆಟೊ ಬೇಯಿಸಿ ಕಿವುಚಿ ಹಾಕಿದ್ದೀನಿ. ಬೇಳೆ ಕಟ್ಟು, ಹುಣಸೆ ರಸ, ಚೂರು ಬೆಲ್ಲ, ಸಾರಿನ ಪುಡಿ ಎಲ್ಲ ಬಿದ್ದಿದೆ. ಹಸಿ ವಾಸನೆ ಹೋಯ್ತೋ ಇಲ್ವೋ ಹೇಗೆ ತಿಳ್ಕೊಳ್ಳಲಿ?... ಪುಡಿ ಮೇಲೆ ತೇಲೋದು ನಿಲ್ಲಬೇಕಾ?... ನಿಂತಿದೆ. ಅಂಚಲ್ಲಿ ನೊರೆ ಕಟ್ತಿದೆ... ಸಣ್ಣ ಉರಿ ಮಾಡ್ದೆ.

...

ಬಂದೆ ಸರ್, ಆಯ್ತು, ಎರಡೇ ನಿಮಿಷ.

...

ಅಕ್ಕಾ, ಇದ್ದೀಯಾ? ಒಗ್ಗರಣೆ ಇಡ್ತಿದ್ದೀನಿ. ಸಾಸಿವೆ ಸಿಡಿಯೋದು ನಿನಗೂ ಕೇಳಿಸ್ತಾ?... ಬೆಳ್ಳುಳ್ಳಿ ಕೆಂಪಗಾಯ್ತು. ಇಂಗು, ಕರಿಬೇವು... ಸುರಿದೆ. ಬಣ್ಣ ಚೆನ್ನಾಗೇ ಬಂದಿದೆ.

...

ಏನಂದೆ?... ಉಪ್ಪಾ? ಹಾಕಿದ್ದೀನಿ... ಹಾಕಿದ್ನಾ? ಡಬ್ಬ ತೆಗೆದೆ, ಅಷ್ಟರಲ್ಲಿ ಅವರು ನೀರು ಕೇಳಿದ್ರು, ಕೊಡೋಕೆ ಹೋದೆ... ಅಯ್ಯೋ ಅಕ್ಕಾ. ಡಬ್ಬ ತೆರೆದೇ ಇದೆ. ಚಮಚ ಕಟ್ಟೆ ಮೇಲಿದೆ. ಹಾಕಿದ್ನೋ ಇಲ್ವೋ?

...

ಕುಡಿದು ನೋಡ್ದೆ. ಬಿಸಿ. ಬಿಸಿ ಅನ್ನೋದಷ್ಟೇ ಗೊತ್ತಾಗ್ತಿದೆ... ಮಗಳು ಪರೀಕ್ಷೆಗೆ ಹೋಗಿದ್ದಾಳೆ. ಪಕ್ಕದ ಮನೆಗೆ ಬೀಗ... ಅರ್ಧ ಚಮಚ ಹಾಕು ಅಂತೀಯಾ? ಮೊದಲೇ ಹಾಕಿದ್ರೆ?... ಹಾಕದೇ ಇದ್ರೆ?...

...

ಬೇಡ. ಎರಡು ತಿಂಗಳು ಊಹೆ ಮೇಲೇ ಅಡುಗೆ ಮಾಡಿ ಮಾಡಿ ಸಾಕಾಗಿದೆ. ಹೇಳ್ಬಿಡ್ತೀನಿ... ಕೆಲಸ ಹೋದ್ರೆ ಹೋಗಲಿ. ಫೋನ್ ಇಡಬೇಡ, ನೀನು ಕೇಳ್ತಿದ್ರೆ ನನಗೆ ಧೈರ್ಯ.

...

ಸರ್, ಒಂಚೂರು ಒಳಗೆ ಬನ್ನಿ. ಈ ಚಮಚ ಹಿಡ್ಕೊಳ್ಳಿ. ಉಪ್ಪು ಎಷ್ಟಿದೆ ನೋಡಿ ಹೇಳಿ... ನನಗೆ ಗೊತ್ತಾಗಲ್ಲ ಸರ್. ಜ್ವರ ಬಂದಾಗಿಂದ ವಾಸನೆ, ರುಚಿ ಎರಡೂ ಇಲ್ಲ. ನಿಮ್ಮ ಒಲೆ ಸರಿಯಾಗೇ ಇದೆ. ನಾನು ಸುಳ್ಳು ಹೇಳಿದೆ.

...

ಅಕ್ಕಾ. ಉಪ್ಪೇ ಇಲ್ವಂತೆ... ಹೂಂ, ಒಂದು ಹರಳೂ ಇಲ್ವಂತೆ... ಇಲ್ಲ, ಬೈಲಿಲ್ಲ. ಮುಖ ನೋಡಿದ್ರೆ ಏನೂ ತಿಳೀತಿಲ್ಲ. ಡಬ್ಬ ಎತ್ಕೊಂಡ್ರು... ಅವರೇ ಹಾಕ್ತಿದ್ದಾರೆ. ಕದಡಿದ್ರು... ಮತ್ತೆ ಚಮಚ ಬಾಯಿಗಿಟ್ರು.

...

ಅಕ್ಕಾ, ಲೋಟ ಕೇಳ್ತಿದ್ದಾರೆ. ದೊಡ್ಡ ಲೋಟ... ಕೊಟ್ಟೆ. ಕುಡೀತಿದ್ದಾರೆ. ತಡಿ, ಏನೋ ಹೇಳ್ತಿದ್ದಾರೆ.

...

ಹಾಂ ಸರ್?... ದಿನಾನಾ?... ಹೂಂ ಸರ್. ಬರ್ತೀನಿ ಸರ್.

...

ಅಕ್ಕಾ? ಕೇಳಿಸ್ತಾ? ಅಳ್ತಿಲ್ಲ, ಹೊಗೆ ಅಷ್ಟೇ... ಹಲೋ? ನಾಳೆಯಿಂದ ದಿನಾ ಬೆಳಿಗ್ಗೆ ಏಳಕ್ಕೆ, ಉಪ್ಪು ನೋಡೋಕೆ ಅವರೇ ನನ್ನ ಒಲೆ ಹತ್ರ ಬರ್ತಾರಂತೆ...