ಅಸಲಿ ಖಾರದ ಅಂಗಡಿಯಲ್ಲಿ ನಕಲಿ ಕಂಪ್ಯೂಟರು

ಶರಣ ಬಂಧುಗಳೇ, ತಾಯಂದಿರೇ, ನಿನ್ನೆ ಕಳ್ಳತನದ ಮಾತು ಬಂದಿತ್ತು. ಹೇಳುತ್ತ ಹೇಳುತ್ತ ನಿಮ್ಮೆಲ್ಲರ ಮುಖ ನೋಡಿದೆ. ಎಲ್ಲರೂ ನಿಶ್ಚಿಂತೆಯಿಂದ ಕೂತಿದ್ದಿರಿ. ಕಳ್ಳತನದ ಮಾತು ಕಳ್ಳರಿಗೆ, ನಮಗೇನು ಅಂತ. ಕೆಲವರು ತೂಕಡಿಸುತ್ತಲೂ ಇದ್ದಿರಿ. ಅದಕ್ಕೇ ಇವತ್ತು ಒಂದು ಕಥೆ. ತೂಕಡಿಸಬೇಡಿ, ಇದರಲ್ಲಿ ಖಾರ ಇದೆ.

ಒಂದು ಊರು. ಆ ಊರಿಗೆ ಒಬ್ಬ ಶ್ರೀಮಂತ, ರಾಚಪ್ಪ ಅಂತ. ಅವನಿಗೆ ಸಿರಿ ಬಂದದ್ದು ಹೊಲದಿಂದಲ್ಲ, ಗಣಿಯಿಂದಲ್ಲ; ಮಸಾಲೆ ಖಾರದಿಂದ. ಅವನ ತಾಯಿ ಸಂಗವ್ವ ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ, ಒಣಕೊಬ್ಬರಿ, ಬೆಳ್ಳುಳ್ಳಿ ಹದವಾಗಿ ಹುರಿದು ಒರಳಿನಲ್ಲಿ ಕುಟ್ಟುತ್ತಿದ್ದಳು. ಆ ಖಾರ ಮೊದಲು ಓಣಿಗೆ ಗೊತ್ತಾಯಿತು, ಆಮೇಲೆ ಊರಿಗೆ, ಆಮೇಲೆ ಜಿಲ್ಲೆಗೆ. ಒರಳು ಹೋಗಿ ಯಂತ್ರ ಬಂತು. ಪೊಟ್ಟಣದ ಮೇಲೆ ಸಂಗವ್ವನ ಫೋಟೊ ಬಂತು, ಕೆಳಗೆ ಕೆಂಪು ಅಕ್ಷರದಲ್ಲಿ ‘ಅಸಲಿ ಸಂಗವ್ವನ ಖಾರ’. ಸಂಗವ್ವ ಇನ್ನೂ ಗಟ್ಟಿಯಾಗಿದ್ದಳು. ಓದು ಬಾರದು, ಆದರೆ ದಿನಾ ಅಂಗಡಿಗೆ ಬಂದು ಬೆಳ್ಳುಳ್ಳಿ ಸುಲಿಯುತ್ತ ಕೂರುವಳು.

ವ್ಯಾಪಾರ ದೊಡ್ಡದಾದ ಮೇಲೆ ಬಿಲ್ಲು ಮಾಡಲು, ಲೇಬಲ್ಲು ಮಾಡಲು ರಾಚಪ್ಪ ಒಂದು ಕಂಪ್ಯೂಟರು ತಂದ. ನೋಡಿ, ಕಂಪ್ಯೂಟರು ಅಂದರೆ ಬರಿಯ ಡಬ್ಬಿ ಅಲ್ಲ. ಗಾಣಕ್ಕೆ ಎತ್ತು ಹೇಗೋ ಹಾಗೆ, ಅದನ್ನು ನಡೆಸುವುದು ಒಳಗಿನ ಆಪರೇಟಿಂಗ್ ಸಿಸ್ಟಂ. ಅದನ್ನು ಯಾರೋ ವರ್ಷಗಟ್ಟಲೆ ಕೂತು ತಲೆ ಓಡಿಸಿ ಮಾಡಿರುತ್ತಾರೆ; ಅದಕ್ಕೆ ಬೆಲೆ ಉಂಟು. ಮಾರಿದವನು ಕೇಳಿದ: ಅಸಲಿ ಹಾಕಲೋ, ಹಾಗೇ ಒಂದು ನಕಲು ಹಾಕಿಕೊಡಲೋ? ರಾಚಪ್ಪ ಕಣ್ಣು ಮಿಟುಕಿಸದೆ ನಕಲೇ ಸಾಕೆಂದ. ಯಾಕೆ? ಎಲ್ಲರೂ ಅದನ್ನೇ ಹಾಕಿಸುತ್ತಾರಲ್ಲ.

ಕಂಪ್ಯೂಟರಿನ ಮುಂದೆ ಕೂರುತ್ತಿದ್ದವಳು ರಾಚಪ್ಪನ ಸೊಸೆ ಶೈಲಜಾ. ಒಂದು ದಿನ ಬೆಳಿಗ್ಗೆ ಚಾಲೂ ಮಾಡಿದರೆ ಪರದೆಯ ಹಿನ್ನೆಲೆಯೆಲ್ಲ ಕಪ್ಪು, ಮೂಲೆಯಲ್ಲಿ ಒಂದು ಸಾಲು: ಈ ಪ್ರತಿ ಅಸಲಿ ಅಲ್ಲ. ಅವಳು ಮಾವನಿಗೆ ತೋರಿಸಿ, ಈಗಲಾದರೂ ಲೈಸೆನ್ಸಿನದು ಹಾಕಿಸೋಣ ಅಂದಳು. ರಾಚಪ್ಪ ನಕ್ಕುಬಿಟ್ಟ.

“ಆ ಕಂಪನಿಯವರಿಗೇನು ಕಡಿಮಿ ಆಗೇತಿ ಶೈಲಜಾ? ಜಗತ್ತಿನ ತುಂಬ ಮಾರತಾರ. ನಾವೊಬ್ಬರು ಕೊಡಲಿಲ್ಲಂದ್ರ ಅವರ ಮನಿ ಒಲಿ ಆರತೈತೇನು?”

ಅಷ್ಟಕ್ಕೇ ಬಿಡಲಿಲ್ಲ. ಆ ಸಾಲು ಗಿರಾಕಿಗಳ ಕಣ್ಣಿಗೆ ಬೀಳಬಾರದಲ್ಲ? ಕೈಗೆ ಸಿಕ್ಕ ಒಂದು ಲೇಬಲ್ಲು ತೆಗೆದ, ಹಿಂದಿನ ಕಾಗದ ಕಿತ್ತ, ಪರದೆಯ ಮೂಲೆಗೆ ಸರಿಯಾಗಿ ಅಂಟಿಸಿದ. ಏನು ಅಂಟಿಸಿದ? ‘ಅಸಲಿ ಸಂಗವ್ವನ ಖಾರ’. ನಗುತ್ತೀರಿ. ನಗಿ. ರಾಚಪ್ಪನೂ ನಕ್ಕ.

ಕೆಲವು ತಿಂಗಳು ಕಳೆದವು. ಒಬ್ಬ ಹೆಣ್ಣುಮಗಳು ಅಂಗಡಿಗೆ ಬಂದು ಪೊಟ್ಟಣವೊಂದನ್ನು ಸಂಗವ್ವನ ಮುಂದೆ ಇಟ್ಟಳು. ಈ ಸಲದ ಖಾರ ಬಾಯಿಗಿಡುವಂತಿಲ್ಲ, ಅಜ್ಜಿಯ ಕೈ ಕೆಟ್ಟಿತೇ ಅಂತ ಕೇಳಿದಳು. ಸಂಗವ್ವ ಒಂದು ಚಿಟಿಕೆ ನಾಲಿಗೆಗೆ ಹಚ್ಚಿಕೊಂಡಳು. ಮುಖ ಸಣ್ಣದಾಯಿತು. ಇದು ನನ್ನದಲ್ಲ ಅಂದಳು. ಬೆಳ್ಳುಳ್ಳಿ ಇಲ್ಲ, ಕೊಬ್ಬರಿ ಇಲ್ಲ, ಬರೀ ಬಣ್ಣ. ಆದರೆ ಮೇಲೆ ಅದೇ ಫೋಟೊ, ಅದೇ ಕೆಂಪು ಅಕ್ಷರ. ಆ ದಿನ ಮುದುಕಿ ಊಟ ಮಾಡಲಿಲ್ಲ. ಜೀವಮಾನವಿಡೀ ಗಳಿಸಿದ ಹೆಸರು ನೋಡಿ, ಒಂದು ಚಿಟಿಕೆ ಕೆಟ್ಟ ಖಾರದಲ್ಲಿ ಹೋಗಿಬಿಟ್ಟರೆ ಏನು ಮಾಡುವುದು?

ರಾಚಪ್ಪ ಸುಮ್ಮನೆ ಕೂರುವವನೇ? ಹುಡುಕಿಸಿದ. ಪಕ್ಕದ ಹಳ್ಳಿಯ ದುಂಡಪ್ಪ ಅನ್ನುವ ಸಣ್ಣ ವ್ಯಾಪಾರಿ ಮನೆಯಲ್ಲೇ ಖಾರ ಬೀಸಿ, ಲೇಬಲ್ಲಿನ ನಕಲು ಹಚ್ಚಿ ಮಾರುತ್ತಿದ್ದ. ಅವನನ್ನು ಅಂಗಡಿಗೆ ಕರೆಸಿದ. ಪೇಟೆಯ ನಾಲ್ಕು ಜನ ಹಿರಿಯರನ್ನೂ ಕೂರಿಸಿದ. ದುಂಡಪ್ಪ ಚಪ್ಪಲಿ ಹೊರಗೆ ಬಿಟ್ಟು ಬಂದು ಕಂಬದ ಪಕ್ಕ ನಿಂತ. ಆಗ ರಾಚಪ್ಪ ಮಾತಾಡಿದ್ದು ಕೇಳಬೇಕಿತ್ತು ನೀವು, ನನಗಿಂತ ಚೆನ್ನಾಗಿ ಪ್ರವಚನ ಮಾಡಿದ. ಇನ್ನೊಬ್ಬರ ಬೆವರು ಕದಿಯುವುದು ದನ ಕದಿಯುವುದಕ್ಕಿಂತ ಹೊಲಸು ಅಂದ. ಒಬ್ಬರು ತಲೆ ಓಡಿಸಿ ಮಾಡಿದ್ದನ್ನು ಇನ್ನೊಬ್ಬ ಪುಕ್ಕಟೆ ಹೊಡೆದುಕೊಂಡರೆ ನಾಳೆ ದುಡಿಯುವವರು ಯಾರು ಅಂದ. ಸೋಮವಾರದ ಸಂತೆಯಲ್ಲಿ ಪೊಟ್ಟಣ ಹಿಡಿದು ನಿಂತು, ಇದು ಕಳ್ಳಖಾರ ಅಂತ ನೀನೇ ಕೂಗಬೇಕು, ಇಲ್ಲದಿದ್ದರೆ ಪೊಲೀಸರಿಗೆ ಕೊಡುತ್ತೇನೆ ಅಂದ.

ದುಂಡಪ್ಪ ಮೆಲ್ಲಗೆ ಅಂದ: “ತಪ್ಪಾತ್ರಿ ಸಾವಕಾರ್ರ. ಖರೇ ಹೇಳ್ಲೇನ್ರಿ? ನಿಮಗೇನು ಕಡಿಮಿ ಐತಿ, ಜಿಲ್ಲಾ ತುಂಬ ಮಾರತೀರಿ, ನಾನೊಬ್ಬ ಒಂದಿಷ್ಟು ಮಾರಿದ್ರ ನಿಮ್ಮ ಒಲಿ ಆರೂದಿಲ್ಲ ಅಂದ್ಕೊಂಡೆ. ಎಲ್ಲಾರೂ ಹಂಗ ಮಾಡತಾರಲ್ರಿ.”

ಹಿರಿಯರೆಲ್ಲ ಸಿಟ್ಟಾದರು. ಆದರೆ ಕಂಪ್ಯೂಟರಿನ ಕಡೆಯಿಂದ ಒಂದು ಸದ್ದು ಬಂತು. ಶೈಲಜಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ನಗು ತಡೆದು ತಡೆದು ಭುಜ ಅಲುಗುತ್ತಿತ್ತು. ಯಾಕೆ ನಗುತ್ತಿ ಅಂತ ಸಂಗವ್ವ ಕೇಳಿದಳು. ಸೊಸೆ ಮಾವನ ಮುಖ ನೋಡಿದಳು. ಮಾವ ಛಾವಣಿ ನೋಡಿದ. ಸಂಗವ್ವ ಬೆಳ್ಳುಳ್ಳಿಯ ಮೊರ ಬದಿಗಿಟ್ಟು, ಎದ್ದು ಬಂದು ಪರದೆಗೆ ಮುಖ ಕೊಟ್ಟು ನೋಡಿದಳು. ಅಕ್ಷರ ಬಾರದಿದ್ದರೇನು, ತನ್ನ ಫೋಟೊ ತನಗೆ ತಿಳಿಯದೆ? ಉಗುರಿನಿಂದ ಲೇಬಲ್ಲು ಕೆರೆದು ಕಿತ್ತಳು. ಅಡಿಯಲ್ಲಿದ್ದ ಸಾಲು ತೋರಿಸಿ, ಏನು ಬರೆದಿದೆ ಓದು ಅಂತ ಶೈಲಜಾಳಿಗೆ ಅಂದಳು.

“ಈ ಪ್ರತಿ ಅಸಲಿ ಅಲ್ಲ ಅಂತ ಐತ್ರಿ ಆಯಿ. ಕಂಪ್ಯೂಟರಿನ ಒಳಗಿಂದು ನಾವು ಕೊಂಡದ್ದಲ್ಲ.”

ಸಂಗವ್ವ ಮಗನ ಕಡೆ ತಿರುಗಿದಳು. ಸಿಟ್ಟಿಲ್ಲ, ಜೋರಿಲ್ಲ. “ಅಂವ ಕಳುವಿನ ಮ್ಯಾಲೆ ನನ್ನ ಮುಖ ಹಚ್ಚಿದ. ನೀನೂ ಹಚ್ಚಿದಿ. ಅವನ್ನ ಸಂತ್ಯಾಗ ನಿಂದರಸತೀ. ನಿನ್ನ ಎಲ್ಲಿ ನಿಂದರಸಲಿ, ರಾಚಾ?”

ಅದು ಬೇರೆ, ಇದು ಬೇರೆ ಅಂದ ರಾಚಪ್ಪ. ಹೇಗೆ ಬೇರೆ ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು, ಜಗಳವಾದರೂ ಆಡಬಹುದಿತ್ತು. ಹಿರಿಯರು ಒಬ್ಬೊಬ್ಬರಾಗಿ ಕೆಲಸ ನೆನಪಾದವರ ಹಾಗೆ ಎದ್ದರು. ದುಂಡಪ್ಪ ಕೈಮುಗಿದು ಹೋದ. ಮಧ್ಯಾಹ್ನ ರಾಚಪ್ಪನಿಗೆ ರೊಟ್ಟಿ ಇಳಿಯಲಿಲ್ಲ. ಬೆಂಗಳೂರಿನಲ್ಲೋ ಎಲ್ಲೋ ಕೂತು ಆ ಸಿಸ್ಟಂ ಬರೆದವರು ಹೇಗಿರುತ್ತಾರೆ ಅಂತ ಮೊದಲ ಸಲ ಯೋಚಿಸಿದ. ಅವರೂ ಹೀಗೇ ರೊಟ್ಟಿ ಉಣ್ಣುವವರೇ ಇರಬೇಕು. ಅವರ ಅವ್ವಂದಿರಿಗೂ ಮಗ ಮಾಡಿದ ಕೆಲಸದ ಹೆಮ್ಮೆ ಇದ್ದೀತು. ಖಾರ ಮಾಡುವವನಿಗೆ ಇದು ಇಷ್ಟು ದಿನ ಹೊಳೆಯಲಿಲ್ಲವಲ್ಲ ಅಂತ ಅವನಿಗೇ ಆಶ್ಚರ್ಯವಾಯಿತು.

ಸಂಜೆಯೊಳಗೆ ಕಂಪ್ಯೂಟರು ರಿಪೇರಿಯವನನ್ನು ಕರೆಸಿದ. ಅವನು ಬಂದು ನೋಡಿ, ಇಷ್ಟಕ್ಕೇಕೆ ಖರ್ಚು, ಆ ಬರಹ ಕಾಣದಂತೆ ಮಾಡುವ ಉಪಾಯ ನನ್ನಲ್ಲಿದೆ ಅಂದ. ನೋಡಿ, ಮನುಷ್ಯ ನೆಟ್ಟಗಾಗಲು ಹೊರಟಾಗಲೇ ಇಂಥ ಉಪಾಯಗಳು ತಾವಾಗಿ ಬಾಗಿಲಿಗೆ ಬರುತ್ತವೆ.

ರಾಚಪ್ಪ ಅಂದ: “ಬರಹ ಅಳಸೂದು ಬ್ಯಾಡ ತಮ್ಮಾ. ಆ ಬರಹ ಸುಳ್ಳಾಗಬೇಕು. ಅಷ್ಟು ಮಾಡು.”

ಅಸಲಿ ಪ್ರತಿ ಕೊಂಡರು. ಹಳೆಯದನ್ನು ಪೂರ್ತಿ ಒರೆಸಿ ಹೊಸದು ಹಾಕಬೇಕು. ಅದಕ್ಕೆ ಮೊದಲು ಬಿಲ್ಲು, ಲೇಬಲ್ಲು ಎಲ್ಲ ಬೇರೆ ಕಡೆ ತೆಗೆದಿಡಬೇಕು. ಕೆಲಸ ಮುಗಿಯುವವರೆಗೆ ರಾಚಪ್ಪ ಕೈಯಲ್ಲೇ ಬಿಲ್ಲು ಬರೆದ. ಅವನ ಅಕ್ಷರ ಅವನಿಗೇ ತಿಳಿಯದು. ಒಬ್ಬ ಗಿರಾಕಿ ಬಿಲ್ಲನ್ನು ತಿರುಗಿಸಿ ಮುರುಗಿಸಿ ನೋಡಿ, ಸಾವಕಾರರೇ ಇದು ಖಾರದ ಬಿಲ್ಲೋ ಡಾಕ್ಟರ ಚೀಟಿಯೋ ಅಂದ. ಅಂಗಡಿಯೆಲ್ಲ ನಕ್ಕಿತು. ಕೊನೆಗೆ ಶೈಲಜಾ ಚಾಲೂ ಮಾಡಿದಾಗ ಪರದೆ ತಿಳಿಯಾಗಿ ಬೆಳಗಿತು, ಮೂಲೆ ಖಾಲಿ. ರಾಚಪ್ಪ ಆ ಖಾಲಿ ಮೂಲೆಯನ್ನೇ ನೋಡುತ್ತ ನಿಂತ. ಚಪ್ಪಲಿಯೊಳಗಿನ ಹರಳು ತೆಗೆದಷ್ಟು ಹಗುರವಾಯಿತು. ಹರಳು ಇದ್ದದ್ದೇ ಅವನಿಗೆ ಮರೆತಿತ್ತು.

ಸೋಮವಾರ ಬಂತು. ರಾಚಪ್ಪ ಅಂದಿದ್ದಂತೆ ದುಂಡಪ್ಪ ಪೊಟ್ಟಣದ ಚೀಲ ಹೊತ್ತು ಸಂತೆಗೆ ಬಂದ, ಮುಖ ಬಾಡಿಸಿಕೊಂಡು. ರಾಚಪ್ಪ ಅವನ ಕೈ ಹಿಡಿದು ಅಂಗಡಿಗೆ ಕರೆದುಕೊಂಡು ಹೋದ. ಕೂಗುವುದು ಬೇಡ, ನಾನು ನನ್ನದನ್ನು ಬಿಟ್ಟೆ, ನೀನು ನಿನ್ನದನ್ನು ಬಿಡು ಅಂದ. ಬಿಡುತ್ತೇನೆ, ಆದರೆ ಹೊಟ್ಟೆಗೇನು ಮಾಡಲಿ ಅಂತ ದುಂಡಪ್ಪ ಕೇಳಿದ. ನಿನ್ನ ಮನೆಯಲ್ಲಿ ಕೈರುಚಿಯವರು ಯಾರೂ ಇಲ್ಲವೇ ಅಂತ ಸಂಗವ್ವ ವಿಚಾರಿಸಿದಳು. ಅವನು ನಾಚುತ್ತ, ತನ್ನ ಹೆಂಡತಿ ಕಾಶವ್ವ ಅಗಸೆ ಹಿಂಡಿ, ಅದೇ ಅಗಸೆಬೀಜದ ಚಟ್ನಿಪುಡಿ, ಮಾಡಿದರೆ ಬೀದಿಯವರು ಬಟ್ಟಲು ಹಿಡಿದು ಬರುತ್ತಾರೆ ಅಂದ.

ತರಿಸಿದರು. ರಾಚಪ್ಪ ಬಿಸಿರೊಟ್ಟಿಗೆ ಹಿಂಡಿ, ಮೊಸರು ಹಾಕಿಕೊಂಡು ತಿಂದ. ಇನ್ನೊಂದು ರೊಟ್ಟಿ ಕೇಳಿದ. ಶೈಲಜಾ ಹೊಸ ಲೇಬಲ್ಲು ಮಾಡಿಕೊಟ್ಟಳು: ‘ಕಾಶವ್ವನ ಅಗಸೆ ಹಿಂಡಿ’. ತನ್ನ ಹೆಂಡತಿಯ ಹೆಸರು ಅಚ್ಚಾಗಿ ಬಂದದ್ದನ್ನು ದುಂಡಪ್ಪ ಮತ್ತೆ ಮತ್ತೆ ಓದಿದ. ಮಂದಿಯ ಹೆಸರು ಹಚ್ಚಿ ಮಾರುತ್ತಿದ್ದಾಗ ಸಂತೆಯಲ್ಲಿ ತಲೆ ತಗ್ಗಿಸಿ ಕೂರುತ್ತಿದ್ದವನು ಈಗ ಎದ್ದು ನಿಂತು ಕೂಗಿ ಮಾರುತ್ತಾನೆ.

ಕಥೆ ಇಷ್ಟು. ರಾಚಪ್ಪನನ್ನು ನೋಡಿ ನಕ್ಕಿರಿ, ಸಂತೋಷ. ಈಗ ಕೇಳುತ್ತೇನೆ. ನಿಮ್ಮ ಮನೆಯ ಕಂಪ್ಯೂಟರಿನಲ್ಲಿ ಇರುವುದು ಕೊಂಡದ್ದೋ, ಕದ್ದದ್ದೋ? ಯಾಕೆ ಪಕ್ಕದವರ ಮುಖ ನೋಡುತ್ತೀರಿ? ನಿಮ್ಮನ್ನೇ ಕೇಳಿದ್ದು. ಮೊಬೈಲಿನಲ್ಲಿ ಬಿಡುಗಡೆಯ ದಿನವೇ ಬಂದು ಕೂತ ಸಿನಿಮಾ ಯಾರು ಕೊಟ್ಟರು? ಕಂಪನಿ ದೊಡ್ಡದು ಅನ್ನುತ್ತೀರಿ. ಕದ್ದವನ ಕೈ ಅಳೆಯಬೇಕೇ ಹೊರತು ಕಳೆದುಕೊಂಡವನ ಮನೆ ಅಳೆಯಬಾರದು. ಎಲ್ಲರೂ ಮಾಡುತ್ತಾರೆ ಅನ್ನುತ್ತೀರಿ. ಆ ಎಲ್ಲರಲ್ಲಿ ಒಬ್ಬರು ಕಡಿಮೆಯಾಗಲಿ, ಅದು ನೀವಾಗಿ. ಕೊಳ್ಳುವ ಶಕ್ತಿ ಇಲ್ಲವೇ? ಮಾಡಿದವರೇ ಸಂತೋಷದಿಂದ ಪುಕ್ಕಟೆ ಹಂಚುವ ಸಿಸ್ಟಂಗಳೂ ಇವೆ, ಕಾಲೇಜಿಗೆ ಹೋಗುವ ನಿಮ್ಮ ಮಕ್ಕಳನ್ನೇ ಕೇಳಿ. ಕೊಟ್ಟದ್ದನ್ನು ತೆಗೆದುಕೊಳ್ಳುವುದು ಪ್ರಸಾದ, ಕೊಡದ್ದನ್ನು ತೆಗೆದುಕೊಳ್ಳುವುದು ಕಳವು. ಇಷ್ಟೇ ಲೆಕ್ಕ.

ನಾಳೆ ಬೆಳಿಗ್ಗೆ ಅಂಗಡಿ ತೆರೆದು ದೀಪ ಹಚ್ಚುತ್ತೀರಲ್ಲ, ಆಗ ಒಮ್ಮೆ ಸುತ್ತ ನೋಡಿ. ಯಾರ ದುಡಿಮೆ ನನ್ನ ಅಂಗಡಿಯಲ್ಲಿ ಕೂಲಿ ಇಲ್ಲದೆ ದುಡಿಯುತ್ತಿದೆ ಅಂತ ಹುಡುಕಿ. ಸಿಕ್ಕಿದರೆ ಮೊದಲು ಅವರದು ಅವರಿಗೆ ಮುಟ್ಟಿಸಿ, ಆಮೇಲೆ ಮೊದಲ ಗಿರಾಕಿಯ ವ್ಯಾಪಾರಕ್ಕೆ ಕೈ ಹಾಕಿ.